ಗದ್ದಿಗೆ ಪಕ್ಕದ ನಮ್ಮ ಇತಿಹಾಸ ಬಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ಮಹದೇವಪೇಟೆ ಮುಗಿಯುತ್ತಾ ಬಂದ ಹಾಗೆ ಗದ್ದಿಗೆಯ, ಅಂದರೆ ಕೊಡಗಿನ ರಾಜರ ಸಮಾಧಿಗಳ, ಗುಮ್ಮಟಗಳು ಕಾಣುತ್ತವೆ. ಅದರ ಆಸುಪಾಸಿನ ಬಡಾವಣೆಗಳಲ್ಲಿರುವ ನಾವು ಕೆಲವರು ಸೇರಿ ನಡೆಸುತ್ತಿರುವ ಬಳಗ ಇದು. ಫೋನಿನಲ್ಲಿ ಅದದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಇದನ್ನು ಬರೆಯಲು ಕೂತೆ. ಅಂಚೆ ಕೆಲಸದಿಂದ ನಿವೃತ್ತನಾದವನು ನಾನು. ಹಾಗಾಗಿ ಅಲ್ಲಲ್ಲಿ ವಿಳಾಸ, ಲಕೋಟೆ ಅಂತ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ.

ನೀವು ಮಾಡುವುದಾದರೂ ಏನು?

ಹಿರಿಯರ ಮಾತು ರೆಕಾರ್ಡ್ ಮಾಡುತ್ತೇವೆ. ಮನೆಗಳಲ್ಲಿರುವ ಹಳೇ ಕಾಗದ, ಫೋಟೋಗಳ ನಕಲು ತೆಗೆದುಕೊಂಡು ಮೂಲವನ್ನು ವಾಪಸ್ ಕೊಡುತ್ತೇವೆ. ತಿಂಗಳಿಗೊಮ್ಮೆ ಊರು ಸುತ್ತುತ್ತೇವೆ. ಉಳಿದ ಹೊತ್ತು ಬೆಲ್ಲದ ಕಾಫಿ ಕುಡಿಯುತ್ತಾ, ಯಾವ ಮನೆ ಮೊದಲು ಬಂತು ಅಂತ ವಾದ ಮಾಡುತ್ತೇವೆ.

ಇಡೀ ಕೊಡಗಿನ ಚರಿತ್ರೆ ಬರೆಯುವ ಆಸೆ ನಮಗಿಲ್ಲ. ರಾಜರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಬೀದಿಗೆ ಕರೆಂಟ್ ಯಾವಾಗ ಬಂತು, ಈಗ ಕಾರು ನಿಲ್ಲಿಸುವ ಜಾಗದಲ್ಲಿ ಯಾರ ಬಾವಿ ಇತ್ತು, ಹಾಲು ಎಲ್ಲಿಂದ ಬರುತ್ತಿತ್ತು, ಇದನ್ನೆಲ್ಲ ಯಾರು ಬರೆದಿಡುತ್ತಾರೆ?

ಇತಿಹಾಸ ಓದಿದವರೇ ಆಗಬೇಕಾ?

ಬೇಡ. ನಮ್ಮಲ್ಲಿ ದರ್ಜಿ ಇದ್ದಾರೆ, ಜೀಪ್ ಡ್ರೈವರ್ ಇದ್ದಾರೆ, ನರ್ಸ್ ಆಗಿದ್ದವರು ಇದ್ದಾರೆ. 1924ರಲ್ಲಿ 'ಪಟ್ಟೋಲೆ ಪಳಮೆ' ಹೊರತಂದ ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಕೆಲಸದಲ್ಲಿದ್ದವರು. ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಅವರು ಹಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡರು. ನಮ್ಮಲ್ಲಿ ಯಾರಿಗಾದರೂ "ನನ್ನ ಕೈಲಿ ಆಗುತ್ತಾ?" ಅಂತ ಅನುಮಾನ ಬಂದಾಗ ಆ ಹೆಸರು ಹೇಳುತ್ತೇವೆ.

ಬೇಕಾದದ್ದು ಒಂದೇ ಅಭ್ಯಾಸ. ಯಾರು ಹೇಳಿದರು, ಯಾವತ್ತು ಹೇಳಿದರು, ಅವರು ಕಣ್ಣಾರೆ ಕಂಡದ್ದಾ ಅಥವಾ ಬೇರೆಯವರಿಂದ ಕೇಳಿದ್ದಾ, ಈ ಮೂರನ್ನೂ ಪ್ರತಿ ಚೀಟಿಯ ಮೇಲೆ ಬರೆಯಬೇಕು. ಬರೆಯದಿದ್ದರೆ ಆ ಚೀಟಿ ನಮ್ಮ ಪೆಟ್ಟಿಗೆಗೆ ಹೋಗುವುದಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿ ಮನುಷ್ಯ ಅಂತ ಹೆಸರು ಬಂದಿದೆ. ಬರಲಿ.

ಯಾವಾಗ ಸೇರುತ್ತೀರಿ?

ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಊಟ ಆದ ಮೇಲೆ. ಜೂನ್‌ನಿಂದ ಆಗಸ್ಟ್ ತನಕ ನಡಿಗೆ ಇಲ್ಲ. ಆಗ ಒಳಗೆ ಕೂತು ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುತ್ತೇವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅರ್ಧ ಜನ ತೋಟದಲ್ಲಿರುತ್ತಾರೆ. ಹುತ್ತರಿ, ದಸರಾ, ಮದುವೆ ಸೀಸನ್, ಇವೆಲ್ಲ ಕಳೆದರೆ ವರ್ಷದಲ್ಲಿ ಕೈಗೆ ಸಿಗುವ ಭಾನುವಾರ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಡಿಗೆಯಲ್ಲಿ ಏನು ತೋರಿಸುತ್ತೀರಿ? ಗದ್ದಿಗೆ ನಾವು ದಿನಾ ನೋಡುತ್ತೇವಲ್ಲ?

ನೋಡುತ್ತೇವೆ, ನಿಜ. ಆದರೆ ಮಾಡಿನ ಮೂಲೆಯಲ್ಲಿ ಕೂತ ನಂದಿಯನ್ನು ನೋಡಿದ್ದೀರಾ? ಗುಮ್ಮಟ, ಮಿನಾರು ನೋಡಿದ ಪ್ರವಾಸಿಗರು ಇದನ್ನು ಮಸೀದಿ ಅಂದುಕೊಳ್ಳುತ್ತಾರೆ. ಒಳಗೆ ಇರುವುದು ಲಿಂಗಾಯತ ರಾಜಮನೆತನದ ಸಮಾಧಿ. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯವರದ್ದು. ಮಹದೇವಪೇಟೆಗೆ ಹೆಸರು ಬಂದದ್ದು ಈ ರಾಣಿಯಿಂದ. ಪಕ್ಕದ್ದು ಲಿಂಗರಾಜೇಂದ್ರರದ್ದು. ಇನ್ನೊಂದು ರಾಜಗುರು ರುದ್ರಪ್ಪನವರದ್ದು. ಅದರ ಕಾಲ 1834. ಅದೇ ವರ್ಷ ಚಿಕ್ಕವೀರರಾಜೇಂದ್ರರನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಕೊನೆಯ ರಾಜನಿಗೆ ಇಲ್ಲಿ ಸಮಾಧಿ ಇಲ್ಲ. ಅವರು ಕಾಶಿಗೆ ಹೋಗಿ, ಅಲ್ಲಿಂದ ಮಗಳು ಗೌರಮ್ಮನ ಜೊತೆ 1852ರಲ್ಲಿ ಲಂಡನ್‌ಗೆ ಹೋಗಿ, 1859ರಲ್ಲಿ ಅಲ್ಲೇ ತೀರಿಕೊಂಡರು.

ಆವರಣದ ಇನ್ನೊಂದು ಕಡೆ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನವರ ಸಮಾಧಿಗಳಿವೆ. ರಾಜರ ಸೇನೆಯ ದೊಡ್ಡ ಹುದ್ದೆಯಲ್ಲಿದ್ದವರು. ದೊಡ್ಡ ಕಟ್ಟಡಗಳ ಎದುರು ಸೆಲ್ಫಿ ತೆಗೆದುಕೊಂಡವರು ಇಲ್ಲಿಯ ತನಕ ಬರುವುದೇ ಇಲ್ಲ. ನಮ್ಮ ನಡಿಗೆ ಶುರುವಾಗುವುದೇ ಇಲ್ಲಿಂದ.

ಕಿಟಕಿಯ ಹಿತ್ತಾಳೆ ಸರಳುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಕೈ ಮುಟ್ಟುವಷ್ಟು ಎತ್ತರದಲ್ಲಿ ಹೊಳಪು ಒಂದು ಥರ, ಮೇಲಕ್ಕೆ ಇನ್ನೊಂದು ಥರ. ಇದನ್ನು ಮೊದಲು ತೋರಿಸಿದ್ದು ಆರನೇ ಕ್ಲಾಸಿನ ಹುಡುಗಿ. "ಮಕ್ಕಳು ಹಿಡಿದುಕೊಂಡು ಇಣುಕಿ ನೋಡಿದ ಜಾಗ ಇದು ಅಂಕಲ್" ಅಂದಳು. ಅವಳ ಚೀಟಿಯೂ ಪೆಟ್ಟಿಗೆಯಲ್ಲಿದೆ, "ಕಣ್ಣಾರೆ ಕಂಡದ್ದು" ಅನ್ನುವ ಗುರುತಿನ ಜೊತೆ.

ಬೇರೆ ತಿಂಗಳು ಕೋಟೆಗೆ, ಓಂಕಾರೇಶ್ವರಕ್ಕೆ ಹೋಗುತ್ತೇವೆ. ಕೋಟೆಯ ಕಲ್ಲಿನಾನೆಗಳ ಬಗ್ಗೆ ಎಲ್ಲರಿಗೂ ಗೊತ್ತು. 1837ರ ಅಕ್ಟೋಬರ್ 31ರಂದು ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಅದೇ ಕೋಟೆಯಲ್ಲಿ. ಆ ದಂಗೆಯನ್ನು ಅಮರಸುಳ್ಯದ ದಂಗೆ ಅಂತ ಸುಳ್ಯ ಕಡೆಯವರು ನೆನಪಿಟ್ಟುಕೊಂಡಷ್ಟು ನಮ್ಮ ಪೇಟೆಯವರು ಇಟ್ಟುಕೊಂಡಿಲ್ಲ ಅಂತ ನನಗೆ ಅನಿಸುತ್ತದೆ.

ಕೋಟೆಯಲ್ಲಿ ಮ್ಯೂಸಿಯಂ ಇದೆಯಲ್ಲ. ನಿಮ್ಮ ಬಳಗ ಯಾಕೆ ಬೇಕು?

ಸೇಂಟ್ ಮಾರ್ಕ್ಸ್ ಚರ್ಚ್ ಆಗಿದ್ದ ಕಟ್ಟಡದಲ್ಲಿ ಮ್ಯೂಸಿಯಂ ಇದೆ. ಜನರಲ್ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆಯೂ 2021ರಿಂದ ಮ್ಯೂಸಿಯಂ ಆಗಿದೆ. ಎರಡಕ್ಕೂ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ನಿಮ್ಮ ಅಜ್ಜಿಯ ರೇಷನ್ ಕಾರ್ಡನ್ನು ಅಲ್ಲಿ ಇಡುವುದಿಲ್ಲ. ನಮಗೆ ಬೇಕಾದದ್ದು ಅದೇ.

ನಮ್ಮ ಮನೆಯಲ್ಲಿ ರಾಜರ ಕಾಲದ್ದು ಏನೂ ಇಲ್ಲ. ಏನು ತರಲಿ?

ಹೀಗೆ ಕೇಳಿದವರೇ ನಮಗೆ ಒಳ್ಳೊಳ್ಳೆ ವಸ್ತು ತಂದುಕೊಟ್ಟಿದ್ದಾರೆ.

ಒಬ್ಬರು ಅಜ್ಜಿ ಬಿಸ್ಕತ್ ಡಬ್ಬಿ ತಂದಿದ್ದರು. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದು, ಮಗನ ಮನೆಗೆ ಅಂತ ನಮ್ಮ ಬಡಾವಣೆಗೆ ಬಂದವರು. "ಸುಮ್ನೆ ಕಸ, ಬಿಸಾಕೋಣ ಅಂದ್ಕೊಂಡಿದ್ದೆ" ಅಂದರು. ಡಬ್ಬಿಯಲ್ಲಿ ಅಂಗೈ ಅಗಲದ ಒಂದು ಪುಸ್ತಕ. ಮೇಸ್ತ್ರಿ ಬರೆದ ಹಣ್ಣು ಕೊಯ್ಲಿನ ಲೆಕ್ಕ. ಯಾರು ಎಷ್ಟು ಬುಶೆಲ್ ಕೊಯ್ದರು, ಎಷ್ಟು ಮುಂಗಡ ತೆಗೆದುಕೊಂಡರು, ಕೊನೆಗೆ ಕೈಗೆ ಎಷ್ಟು ಬಂತು. ಸಹಿ ಇರಬೇಕಾದ ಕಡೆ ನೀಲಿ ಹೆಬ್ಬೆಟ್ಟುಗಳು. ಅಜ್ಜಿ ಒಂದು ಗುರುತಿನ ಮೇಲೆ ಬೆರಳಿಟ್ಟು "ಇದು ನನ್ನ ಅಮ್ಮಂದು" ಅಂದರು. ಹೇಗೆ ಗೊತ್ತು ಅಂತ ಕೇಳಿದೆ. ಅಮ್ಮನ ಹೆಬ್ಬೆರಳಿನಲ್ಲಿ ಕತ್ತಿ ಗಾಯದ ಗೆರೆ ಇತ್ತಂತೆ. ಭೂತಕನ್ನಡಿ ಹಿಡಿದು ನೋಡಿದರೆ ಗುರುತಿನ ನಡುವೆ ಸಣ್ಣ ಬಿಳಿ ಗೆರೆ. ಅವತ್ತು ಸಭೆಯಲ್ಲಿ ಬೇರೆ ಏನೂ ಕೆಲಸ ಆಗಲಿಲ್ಲ.

ಕೊಡಗಿನ ಕಾಫಿ ಅಂದರೆ 1854ರಲ್ಲಿ ಮಡಿಕೇರಿ ಹತ್ತಿರ ತೋಟ ಮಾಡಿದ ಫೌಲರ್ ಸಾಹೇಬನ ಹೆಸರು ಹೇಳುತ್ತಾರೆ. ಹಣ್ಣು ಕೊಯ್ದವರ ಹೆಸರು ಇರುವುದು ಇಂಥ ಡಬ್ಬಿಗಳಲ್ಲಿ ಮಾತ್ರ.

ಹಾಗಾಗಿ ಇಂಥವು ಇದ್ದರೆ ತನ್ನಿ: ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲ್, ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿದ್ದ 'ಪೂಲ್' ಕಾಲದ ಹಣ ಪಾವತಿ ಚೀಟಿ, ಮದುವೆ ಕರೆಯೋಲೆ, ಸೈನ್ಯದ ಪಿಂಚಣಿ ಪುಸ್ತಕ, ಶಾಲೆಯ ಗ್ರೂಪ್ ಫೋಟೋ, ಕಂದಾಯ ರಶೀದಿ. ಲಕೋಟೆ ಸಿಕ್ಕರೆ ಮಾತ್ರ ನನಗೆ ಮೊದಲು ಫೋನ್ ಮಾಡಿ. ಠಸ್ಸೆಯಲ್ಲಿ 'ಮರ್ಕೆರಾ' ಅಂತ ಇದೆಯಾ, 'ಫ್ರೇಸರ್‌ಪೇಟೆ' ಅಂತ ಇದೆಯಾ ನೋಡುವ ಚಪಲ ಇನ್ನೂ ಹೋಗಿಲ್ಲ. ಮರ್ಕೆರಾ ಅಂದರೆ ನಮ್ಮ ಮಡಿಕೇರಿ, ಫ್ರೇಸರ್‌ಪೇಟೆ ಅಂದರೆ ಈಗಿನ ಕುಶಾಲನಗರ.

ಕಾಗದಗಳನ್ನು ನಿಮಗೇ ಕೊಟ್ಟುಬಿಡಬೇಕಾ?

ಬೇಡ. ನಿಮ್ಮೆದುರೇ ಫೋಟೋ ತೆಗೆದು, ನಿಮ್ಮ ಕೈಗೇ ವಾಪಸ್ ಕೊಡುತ್ತೇವೆ. ಜಮ್ಮಾ ಸನದು, ಪಾಲುಪಟ್ಟಿ, ಜಮೀನಿನ ಬೇರೆ ಪತ್ರಗಳ ನಕಲನ್ನು ಮನೆಯ ಹಿರಿಯರು ಒಪ್ಪಿ ಸಹಿ ಹಾಕದೆ ತೆಗೆಯುವುದಿಲ್ಲ. ಕೊಡಗಿನಲ್ಲಿ ಒಂದು ಬಾಣೆಯ, ಅಂದರೆ ಗದ್ದೆಗೆ ಸೇರಿದ ಕಾಡುಜಾಗದ, ವಿಷಯಕ್ಕೆ ಅಣ್ಣತಮ್ಮಂದಿರು ಎಷ್ಟು ವರ್ಷ ಮಾತು ಬಿಡಬಹುದು ಅಂತ ನಿಮಗೆ ಗೊತ್ತಲ್ಲ. ಆ ಜಗಳದಲ್ಲಿ ನಾವು ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಹಳೇ ಕಾಗದ ಒದ್ದೆಯಾಗಿದೆ, ಬೂಷ್ಟು ಹಿಡಿದಿದೆ. ಏನು ಮಾಡಲಿ?

ಮಡಿಕೇರಿಯವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಇಲ್ಲಿ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೂ ಹಸಿರು ಬಣ್ಣ ಬರುತ್ತದೆ, ಕಾಗದದ್ದು ಏನು ಹೇಳುವುದು?

ಮೊದಲು, ಬಿಸಿಲಿಗೆ ಇಡಬೇಡಿ. ಇಸ್ತ್ರಿ ಹಾಕಬೇಡಿ. ಒಲೆ ಪಕ್ಕ ಒಣಗಿಸಬೇಡಿ. ಫ್ಯಾನ್ ಕೆಳಗೆ, ನೆರಳಿನಲ್ಲಿ, ಬಿಳಿ ಹತ್ತಿ ಬಟ್ಟೆಯ ಮೇಲೆ ಹರಡಿ. ನ್ಯೂಸ್ ಪೇಪರ್ ಬೇಡ, ಅದರ ಶಾಯಿ ಅಂಟುತ್ತದೆ. ಒಂದಕ್ಕೊಂದು ಅಂಟಿದ ಹಾಳೆ, ಫೋಟೋಗಳನ್ನು ಎಳೆದು ಬಿಡಿಸಬೇಡಿ. ಶಾಯಿ ಪೆನ್ನಿನಲ್ಲಿ ಬರೆದದ್ದನ್ನು ಒರೆಸಲೇಬೇಡಿ.

ಕಾಗದ ಜಾಸ್ತಿ ಇದ್ದು ಒಂದೇ ದಿನಕ್ಕೆ ಒಣಗಿಸಲು ಆಗದಿದ್ದರೆ, ಸ್ವಲ್ಪ ಸ್ವಲ್ಪವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ನಗಬೇಡಿ. ಒದ್ದೆ ಕಾಗದಕ್ಕೆ ಬೂಷ್ಟು ಹಿಡಿಯಲು ಎರಡು ದಿನ ಸಾಕು, ಫ್ರೀಜರ್‌ನಲ್ಲಿ ಅದು ಬೆಳೆಯುವುದಿಲ್ಲ. ಆಮೇಲೆ ನಿಧಾನವಾಗಿ ಒಂದೊಂದೇ ತೆಗೆದು ಒಣಗಿಸಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಜನ ಜೀವ ಉಳಿಸಿಕೊಂಡು ಬಂದದ್ದೇ ದೊಡ್ಡದು. ಪತ್ರ, ಫೋಟೋ ಯಾರಿಗೆ ನೆನಪಾಗಬೇಕು? ಆದರೆ ವಾರ ಕಳೆದ ಮೇಲೆ ಮಣ್ಣು ಮೆತ್ತಿದ ಆಲ್ಬಂ ಹಿಡಿದುಕೊಂಡು "ಇದನ್ನು ಏನಾದರೂ ಮಾಡಬಹುದಾ?" ಅಂತ ಕೇಳಿದವರು ಇದ್ದರು. ಅವತ್ತು ಈ ಫ್ರೀಜರ್ ವಿಷಯ ನನಗೆ ಗೊತ್ತಿರಲಿಲ್ಲ.

ಒಣಗಿದ ಬೂಷ್ಟನ್ನು ಮೆತ್ತನೆಯ ಬ್ರಷ್‌ನಿಂದ, ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಇನ್ನು ಲ್ಯಾಮಿನೇಷನ್. ದಯವಿಟ್ಟು ಬೇಡ. ನಮ್ಮ ಅಜ್ಜನ ಸೈನ್ಯದ ಡಿಸ್ಚಾರ್ಜ್ ಪತ್ರವನ್ನು ನಾನೇ ಲ್ಯಾಮಿನೇಷನ್ ಮಾಡಿಸಿದ್ದೆ. ಅಂಗಡಿಯವನು "ಇನ್ನು ನೂರು ವರ್ಷ ಏನೂ ಆಗಲ್ಲ ಸಾರ್" ಅಂದ. ಕಾಗದದೊಳಗೆ ಉಳಿದಿದ್ದ ತೇವ ಹೊರಗೆ ಹೋಗಲಾರದೆ ಅಲ್ಲೇ ಕಂದು ಮೋಡದ ಹಾಗೆ ಹರಡಿತು. ಈಗ ಅಜ್ಜನ ರೆಜಿಮೆಂಟ್ ನಂಬರ್ ಅರ್ಧ ಓದಬಹುದು, ಅರ್ಧ ಊಹಿಸಬೇಕು. ಬಿಡಿಸಲು ಹೋದರೆ ಅಕ್ಷರವೂ ಬರುತ್ತದೆ. ಸಭೆಗೆ ಬಂದವರಿಗೆಲ್ಲ ಇದನ್ನು ತೋರಿಸುತ್ತೇನೆ. ಸೆಲ್ಲೋಟೇಪ್ ಕೂಡ ಇದೇ ಜಾತಿಯದ್ದು.

ಅಜ್ಜ, ಅಜ್ಜಿಯ ಮಾತು ರೆಕಾರ್ಡ್ ಮಾಡಲು ದೊಡ್ಡ ಉಪಕರಣ ಬೇಕಾ?

ನಿಮ್ಮ ಫೋನ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ, ಜಾಗ ಖಾಲಿ ಇದೆಯಾ ನೋಡಿ, ಟಿವಿ ಆಫ್ ಮಾಡಿ. ಮಾಡಿಗೆ ತಗಡಿನ ಶೀಟ್ ಇದ್ದರೆ ಮಳೆ ನಿಂತ ಮೇಲೆ ಹೋಗಿ. ಒಂದು ಗಂಟೆಗಿಂತ ಜಾಸ್ತಿ ಕೂರಿಸಬೇಡಿ. "ನಿಮ್ಮ ಹೆಸರು, ಇವತ್ತಿನ ತಾರೀಕು" ಅಂತ ಮೊದಲು ಅವರ ಬಾಯಲ್ಲೇ ಹೇಳಿಸಿ. ಇದನ್ನು ಯಾರು ಕೇಳಬಹುದು, ಯಾರು ಕೇಳಬಾರದು ಅನ್ನುವುದನ್ನೂ ಅವರೇ ಹೇಳಲಿ.

"ಆ ಕಾಲದಲ್ಲಿ ಜೀವನ ಹೇಗಿತ್ತು?" ಅಂತ ಕೇಳಿದರೆ "ಕಷ್ಟ ಇತ್ತು ಮಗಾ" ಅಂತ ಹೇಳಿ ಸುಮ್ಮನಾಗುತ್ತಾರೆ. ಅದೇ "ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ಎಲ್ಲಿಂದ ತರುತ್ತಿದ್ದಿರಿ?" ಅಂತ ಕೇಳಿ ನೋಡಿ. (ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಅಡುಗೆ ಮಾಡುವ ಪದ್ಧತಿ ಇಲ್ಲಿದೆ.) ಸೊಪ್ಪಿನಿಂದ ತೋಡಿಗೆ, ತೋಡಿನಿಂದ ಗದ್ದೆಗೆ, ಗದ್ದೆಯಿಂದ ಅದನ್ನು ಮಾರಿದ ಕಥೆಗೆ ತಾವಾಗೇ ಬರುತ್ತಾರೆ. ನಡುವೆ ಬಾಯಿ ಹಾಕಬೇಡಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ನನಗೆ ಅತಿ ಕಷ್ಟದ ಪಾಠ ಇದೇ. ನನ್ನ ಮೊದಲ ರೆಕಾರ್ಡಿಂಗ್‌ಗಳಲ್ಲಿ ನನ್ನ ದನಿಯೇ ಜಾಸ್ತಿ.

ಕನ್ನಡದಲ್ಲೇ ಮಾತಾಡಬೇಕಾ?

ಅವರಿಗೆ ನಿದ್ದೆಗಣ್ಣಲ್ಲೂ ಬರುವ ಭಾಷೆಯಲ್ಲಿ ಮಾತಾಡಲಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವ ಮಾತು, ಯಾವುದಾದರೂ ಸರಿ. ಕೇಳಿದಂತೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕೆಳಗೆ ಕನ್ನಡದಲ್ಲಿ ಅರ್ಥ ಬರೆಯುತ್ತೇವೆ. ಐಮರ, ಕೈಮಡ (ಹಿರಿಯರ ಗುಡಿ), ನೆಲ್ಲಕ್ಕಿ (ದೀಪ ಇಡುವ ನಡುಮನೆ) ಮುಂತಾದ ಮಾತುಗಳನ್ನು ಬದಲಾಯಿಸುವುದಿಲ್ಲ. ಐಮರ ಅಂದರೆ ಒಕ್ಕದ, ಅಂದರೆ ಮನೆತನದ, ಮೂಲಮನೆಯಾದ ಐನ್‌ಮನೆಯ ಜಗಲಿ ಕಂಬಗಳ ನಡುವೆ ಹಾಕಿದ ದಪ್ಪ ಹಲಗೆ. 'ಬೆಂಚು' ಅಂತ ಬರೆದರೆ ಅದರ ಮೇಲೆ ಯಾರು ಕೂರಬಹುದಿತ್ತು, ಯಾರು ಕೂರಬಾರದಿತ್ತು ಅನ್ನುವುದೆಲ್ಲ ಬಿಟ್ಟುಹೋಗುತ್ತದೆ.

ಹಿರಿಯರು ಹೇಳಿದ್ದೆಲ್ಲ ನಿಜವಾ?

ಇಲ್ಲ. ಆದರೂ ಎಲ್ಲವನ್ನೂ ಬರೆದುಕೊಳ್ಳುತ್ತೇವೆ.

ಕುಶಾಲನಗರದ ಕಥೆ ತೆಗೆದುಕೊಳ್ಳಿ. ಹೈದರಾಲಿ ಅಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಲ್ಲಿ 'ಕುಶಾಲ' ನಗರ ಅಂತ ಹೆಸರಿಟ್ಟ ಅಂತ ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಲು ಚೆನ್ನಾಗಿದೆ. ಆದರೆ ಟಿಪ್ಪು ಹುಟ್ಟಿದ್ದು 1750ರ ಹೊತ್ತಿಗೆ, ದೇವನಹಳ್ಳಿಯಲ್ಲಿ. ಹೈದರ್ ಕೊಡಗಿನ ಮೇಲೆ ಬಂದದ್ದು 1760ರ ದಶಕದಲ್ಲಿ ಮತ್ತು ಆಮೇಲೆ. ಅಷ್ಟು ಹೊತ್ತಿಗೆ ಹುಡುಗ ಕುದುರೆ ಹತ್ತಲು ಕಲಿತಿರಬೇಕು. ನಮ್ಮ ಚೀಟಿಯಲ್ಲಿ ಕಥೆಯೂ ಇದೆ, ಕೆಳಗೆ ಈ ಲೆಕ್ಕವೂ ಇದೆ. ಕಥೆಯನ್ನು ಹರಿದು ಹಾಕಿಲ್ಲ. ಜನ ಯಾಕೆ ಹಾಗೆ ಹೇಳಿದರು ಅನ್ನುವುದೂ ಒಂದು ಚರಿತ್ರೆಯೇ ಅಲ್ವಾ?

ಕೋಟೆಯಿಂದ ಹೊರಡುವ ಸುರಂಗದ ಬಗ್ಗೆ ಕೇಳಬೇಡಿ. ಪ್ರತಿ ಮನೆಯವರೂ ಅದು ತಮ್ಮ ಹಿತ್ತಲಿನಲ್ಲೇ ಮುಗಿಯುತ್ತದೆ ಅನ್ನುತ್ತಾರೆ.

ಟಿಪ್ಪು, ದೊಡ್ಡವೀರರಾಜ, ಚಿಕ್ಕವೀರರಾಜ... ಇವರ ವಿಷಯದಲ್ಲಿ ನಿಮ್ಮದು ಯಾವ ಪಕ್ಷ?

ಬಳಗಕ್ಕೆ ಪಕ್ಷ ಇಲ್ಲ, ಸದಸ್ಯರಿಗೆ ಬೇಕಾದಷ್ಟಿದೆ. ಸಭೆಯಲ್ಲಿ ಒಂದು ನಿಯಮ ಮಾತ್ರ. ಏನೇ ಹೇಳಿದರೂ ಅದನ್ನು ಯಾರು, ಯಾರ ಕಾಲದಲ್ಲಿ, ಯಾರ ಖರ್ಚಿನಲ್ಲಿ ಬರೆದರು ಅಂತಲೂ ಹೇಳಬೇಕು. 1633ರಿಂದ 1807ರ ತನಕದ ಕೊಡಗಿನ ರಾಜರ ಕಥೆ ಹೇಳುವ 'ರಾಜೇಂದ್ರನಾಮೆ' ದೊಡ್ಡವೀರರಾಜೇಂದ್ರರೇ ಬರೆಸಿದ್ದು. ಚಿಕ್ಕವೀರರಾಜರ ಕ್ರೌರ್ಯದ ಬಗ್ಗೆ ಬರೆದವರಲ್ಲಿ ಅವರ ರಾಜ್ಯ ತೆಗೆದುಕೊಂಡವರೂ ಇದ್ದಾರೆ. ಸುಳ್ಳು ಅಂತಲ್ಲ. ಯಾರ ಲೇಖನಿ ಅಂತ ನೋಡಿಕೊಂಡು ಓದಿ, ಅಷ್ಟೇ. ದನಿ ಏರಿದರೆ ಕಾಫಿ ಮಾಡುವ ಕೆಲಸ ಅವರಿಗೇ ಬೀಳುತ್ತದೆ. ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ತೋಟದಲ್ಲಿ ವೀರಗಲ್ಲೋ, ಅಕ್ಷರ ಇರುವ ಕಲ್ಲೋ ಸಿಕ್ಕಿದೆ. ತಂದುಕೊಡಲಾ?

ಅಲುಗಾಡಿಸಬೇಡಿ! ಕಲ್ಲು ಇದ್ದ ಜಾಗವೇ ಅರ್ಧ ಚರಿತ್ರೆ. ತಂತಿ ಬ್ರಷ್ ಹಾಕಿ ತಿಕ್ಕಬೇಡಿ, ಅಕ್ಷರಕ್ಕೆ ಸುಣ್ಣ, ಪೇಂಟ್ ತುಂಬಬೇಡಿ. ಮುಂಜಾನೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ಮಟ ಮಧ್ಯಾಹ್ನ ಕಾಣದ ಅಕ್ಷರ ಆಗ ಎದ್ದು ಬರುತ್ತದೆ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಇಲ್ಲದಿದ್ದರೆ ಕತ್ತಿಯಾದರೂ ಇಡಿ.

ಬಿ. ಎಲ್. ರೈಸ್ ಅವರು 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನುವ ಶಾಸನ ಸಂಪುಟಗಳ ಮಾಲೆ ಶುರುಮಾಡಿದ್ದೇ ಕೊಡಗಿನ ಶಾಸನಗಳಿಂದ. ನಿಮ್ಮ ಕಲ್ಲು ಅದರಲ್ಲಿ ಇದೆಯಾ ಅಂತ ನೋಡಿ ಹೇಳುತ್ತೇವೆ. ಇಲ್ಲದಿದ್ದರೆ ಪುರಾತತ್ವ ಇಲಾಖೆಗೆ ತಿಳಿಸಲು ಜೊತೆಗೆ ಬರುತ್ತೇವೆ. ನಾಣ್ಯ, ಚಿನ್ನ, ಮಡಕೆ ತುಂಬಿದ ನಿಧಿ ಸಿಕ್ಕರೆ ಕಾನೂನು ಬೇರೆಯೇ ಇದೆ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಮಗೆ ರಾತ್ರಿ ಹೊತ್ತು ಗುಟ್ಟಾಗಿ ಫೋನ್ ಮಾಡಿ "ರೇಟ್ ಎಷ್ಟು ಬರಬಹುದು?" ಅಂತ ಕೇಳಿದರೆ ಇದೇ ಉತ್ತರ ಸಿಗುತ್ತದೆ.

ಹಾಗೆಯೇ, ತೋಟದೊಳಗೆ ಉದ್ದಕ್ಕೆ ಹೋಗುವ ಆಳದ ಕಂದಕ ಇದ್ದರೆ ಮಣ್ಣು ತುಂಬುವ ಮೊದಲು ಒಂದು ಮಾತು ಹೇಳಿ. ಅದು ಹಳೇ ಕಾಲದಲ್ಲಿ ಶತ್ರುಗಳನ್ನು ತಡೆಯಲು ತೋಡಿದ ಕಡಂಗ ಇರಬಹುದು. ಜೆಸಿಬಿಗೆ ಅದು ಅರ್ಧ ದಿನದ ಕೆಲಸ.

ಐನ್‌ಮನೆಗಳಿಗೆ ಕರೆದುಕೊಂಡು ಹೋಗುತ್ತೀರಾ?

ಆ ಒಕ್ಕದವರು ಕರೆದರೆ ಮಾತ್ರ. ಅದು ಪ್ರವಾಸಿ ತಾಣ ಅಲ್ಲ, ಮನೆ. ಕೈಮಡದ ಹತ್ತಿರ ಚಪ್ಪಲಿ ಬೇಡ. ದೀಪ ಇಟ್ಟ ಜಾಗದ ಫೋಟೋ ಕೇಳಿ ತೆಗೆಯಿರಿ. ಕೋವಿ ಮುಟ್ಟಬೇಡಿ.

ನಮ್ಮ ಮನೆತನದ ವಂಶವೃಕ್ಷ ಮಾಡಿಕೊಡುತ್ತೀರಾ?

ಮಾಡಿಕೊಡುವುದಿಲ್ಲ, ಮಾಡುವುದನ್ನು ಕಲಿಸುತ್ತೇವೆ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ತಂದರೆ ತುಂಬಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತೇವೆ. ಅತ್ತೆ, ಚಿಕ್ಕಮ್ಮಂದಿರನ್ನು ಕೇಳಿದರೆ ಎಲ್ಲ ಹೆಸರೂ ಸಿಗುತ್ತದೆ. ಗಂಡಸರನ್ನು ಕೇಳಿದರೆ ಆಸ್ತಿಯ ಅಳತೆ ಸಿಗುತ್ತದೆ.

ಮಕ್ಕಳಿಗೆ ಏನಾದರೂ ಇದೆಯಾ?

ಬೇಸಿಗೆ ರಜೆಯಲ್ಲಿ ಹೆಸರು ಹುಡುಕುವ ಆಟ ಇದೆ. ಪೆನ್ಶನ್ ಲೇನ್, ಚೈನ್ ಗೇಟ್, ರಾಣಿಪೇಟೆ, ಗೌಳಿ ಬೀದಿ, ಇವುಗಳಿಗೆ ಆ ಹೆಸರು ಯಾಕೆ ಬಂತು ಅಂತ ಮೂರು ಮನೆಯಲ್ಲಿ ಕೇಳಿ ಬರಬೇಕು. ಮೂರು ಮನೆಯಲ್ಲಿ ಮೂರು ಉತ್ತರ ಸಿಕ್ಕಿದವರಿಗೆ ಬಹುಮಾನ.

ಶುಲ್ಕ ಎಷ್ಟು?

ಇಲ್ಲ. ಕಾಫಿಪುಡಿ, ಬೆಲ್ಲ ತಂದರೆ ಬೇಡ ಅನ್ನುವುದಿಲ್ಲ.

ನಾನು ಈಗ ಬೆಂಗಳೂರಿನಲ್ಲಿದ್ದೇನೆ. ಇಲ್ಲಿಂದ ಏನು ಮಾಡಬಹುದು?

ರೆಕಾರ್ಡಿಂಗ್ ಕೇಳಿ ಬರೆಯುವವರು ನಮಗೆ ಬೇಕು. ಅದರಲ್ಲೂ ಅರೆಭಾಷೆ, ಕೊಡವ ತಕ್ಕ್ ಗೊತ್ತಿರುವವರು. ಒಂದು ಗಂಟೆಯ ಮಾತು ಬರೆಯಲು ಐದಾರು ಗಂಟೆ ಹಿಡಿಯುತ್ತದೆ, ಬೇಗ ಕಳಿಸಿ ಅಂತ ಅವಸರ ಮಾಡುವುದಿಲ್ಲ. ಇನ್ನೊಂದು, ಊರಿಗೆ ಬಂದಾಗ ಅಟ್ಟದ ಮೇಲಿನ ಟ್ರಂಕನ್ನು ಮನೆಯವರ ಎದುರೇ ತೆಗೆಯಿರಿ. ಫೋಟೋದಲ್ಲಿ ಇರುವವರು ಯಾರು ಅಂತ ಕೇಳಿ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನು ಬೇಡ. ನಮ್ಮಲ್ಲಿಗೆ ಬಂದ ಒಂದು ಮದುವೆ ಫೋಟೋದಲ್ಲಿ ಮೂವತ್ತೆರಡು ಜನ ಇದ್ದಾರೆ. ಹೆಸರು ಸಿಕ್ಕಿದ್ದು ಒಂಬತ್ತು. ಉಳಿದವರನ್ನು ಗುರುತು ಹಿಡಿಯಬಲ್ಲ ಒಬ್ಬರೇ ಒಬ್ಬರು ಅಜ್ಜ ಈಗ ಮಗಳ ಮನೆಯಲ್ಲಿ, ನಾಪೋಕ್ಲಿನಲ್ಲಿದ್ದಾರೆ. ಕಣ್ಣಿನ ಆಪರೇಷನ್ ಆಗಿದೆ. ಮುಂದಿನ ಭಾನುವಾರ ಫೋಟೋವನ್ನು ದೊಡ್ಡದು ಮಾಡಿಸಿಕೊಂಡು ಹೋಗುತ್ತಿದ್ದೇವೆ. ಜೀಪಿನಲ್ಲಿ ಇನ್ನೂ ಎರಡು ಸೀಟ್ ಇದೆ.